ಹದಿನಾಲ್ಕನೇ ದಿನ ಇಳಿದ ಕಾಯಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದುದು, "ಆಗ ಗಂಟೆ ಎಷ್ಟಾಗಿತ್ತು?" ಎಂದು. ಹೆಚ್ಚಿನವರಿಗೆ ಗೊತ್ತಿರುತ್ತಿರಲಿಲ್ಲ. ಅಲ್ಲಿಗೆ ನನ್ನ ಆಸಕ್ತಿ ಮುಗಿಯುತ್ತಿತ್ತು. ಗಂಟೆ ಗೊತ್ತಿಲ್ಲದವರಿಗೆ ಮಿಕ್ಕಿದ್ದು ಹೇಗೆ ಗೊತ್ತು ಎಂಬುದು ನನ್ನ ವಾದ. ಈಗ ನಾನೇ ಒಂದನ್ನು ಹೇಳಬೇಕಾಗಿ ಬಂದಿದೆ. ನನಗೆ ಗಂಟೆ ಗೊತ್ತಿದೆ: ಮಧ್ಯಾಹ್ನ ಮೂರು ಹತ್ತು. ಆದರೆ ಅದರಿಂದ ಏನೂ ಉಪಯೋಗವಾಗಿಲ್ಲ.

ನಮ್ಮದು ಬಿಳಿಗೆರೆ ಪಕ್ಕದ ಹಳ್ಳಿ. ನಾನು ಬೆಳೆದದ್ದು ದೊಡ್ಡಪ್ಪ, ದೊಡ್ಡಮ್ಮನ ಮನೆಯಲ್ಲಿ. ಅವರಿಗೆ ಮಕ್ಕಳಿಲ್ಲ. ಮೂರು ವರ್ಷದ ಹಿಂದೆ ದೊಡ್ಡಪ್ಪನ ಎಡ ಹಿಮ್ಮಡಿಯಲ್ಲಿ ಒಂದು ಕಪ್ಪು ಮಚ್ಚೆ ಎದ್ದಿತು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಆಣಿ ಏಳುವುದು ಸಾಮಾನ್ಯ. ಆಣಿಯೆಂದೇ ತಿಳಿದು ಎಂಟು ತಿಂಗಳು ಬ್ಲೇಡಿನಿಂದ ಹೆರೆದುಕೊಂಡರು, ಎಕ್ಕದ ಹಾಲು ಹಚ್ಚಿದರು. ರಕ್ತ ನಿಲ್ಲದಾದಾಗ ತಿಪಟೂರಿನ ಡಾಕ್ಟರು ನೋಡಿ ಬೆಂಗಳೂರಿಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದಾಯಿತು. ಹಿಮ್ಮಡಿಯ ಮಾಂಸ ತೆಗೆದು, ತೊಡೆಯ ಚರ್ಮ ತಂದು ಅಲ್ಲಿಗೆ ಕೂರಿಸಿದರು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು. ಇಪ್ಪತ್ತೊಂದು ದಿನ ಆ ಕಾಲು ನೆಲಕ್ಕೆ ತಾಗಬಾರದು. ಒಂದು ಸಲ ಭಾರ ಬಿಟ್ಟರೂ ಕೂರಿಸಿದ ಚರ್ಮ ಕಿತ್ತು ಬರುತ್ತದೆ, ಮತ್ತೆ ಕೂರಿಸುವುದು ಕಷ್ಟ, ಪಾದವೇ ಹೋಗಬಹುದು.

ಗಾಯ ಕಂಡರೆ ದೊಡ್ಡಮ್ಮನಿಗೆ ತಲೆ ಸುತ್ತುತ್ತಿತ್ತು. ಹಾಗಾಗಿ ಬ್ಯಾಂಡೇಜು ಕಟ್ಟುವುದನ್ನು ನರ್ಸ್ ಹತ್ತಿರ ನಾನು ಕಲಿತುಕೊಂಡು ಬಂದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮನೆಗಳನ್ನು ಮಾಡಿದೆ. ಜ್ವರ, ಮಾತ್ರೆ, ಬ್ಯಾಂಡೇಜು, ನಾನು ಮಲಗಿದ ಗಂಟೆ. ಕೊನೆಯ ಮನೆ 'ಕಾಲು ನೆಲಕ್ಕೆ', ಅಂದರೆ ಎಷ್ಟು ಸಲ ತಾಗಿತು ಎಂದು. ಅದರಲ್ಲಿ ದಿನವೂ ಸೊನ್ನೆ ಬರೆಯುತ್ತಿದ್ದೆ. ನೋಯುತ್ತಿದ್ದುದು ಹಿಮ್ಮಡಿಯಲ್ಲ, ಚರ್ಮ ತೆಗೆದ ತೊಡೆ. ಪಂಚೆ ತಾಗಿದರೂ ಕೂಗುತ್ತಿದ್ದರು. ರಾತ್ರಿ ಮೂರು ಸಲ, ನಾಲ್ಕು ಸಲ ಏಳಬೇಕಿತ್ತು. ಹದಿಮೂರು ದಿನದಲ್ಲಿ ನಾನು ಮಲಗಿದ್ದು ಒಟ್ಟು ನಲವತ್ತೇಳು ಗಂಟೆ. ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಹಾಲು ಉಕ್ಕಿದರೂ ನೋಡುತ್ತಾ ನಿಂತಿರುತ್ತಿದ್ದೆ.

ಆ ದಿನಗಳಲ್ಲೇ ದೊಡ್ಡಪ್ಪ ಅಟ್ಟದ ಕಾಯಿಯ ಚಿಂತೆ ಹಚ್ಚಿಕೊಂಡರು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸಲ ಮೂಲೆಯಲ್ಲಿ ಹಾಕಿದ್ದು ಅವರು ಸ್ವಂತ ಕೈಯಾರೆ ಸಸಿ ನೆಟ್ಟು ಬೆಳೆಸಿದ ಮರಗಳ ಮೊದಲ ಫಸಲು. ಗುರುತಿಗೆಂದು ಒಂದೊಂದಕ್ಕೂ ಸುಣ್ಣದ ಬೊಟ್ಟಿಟ್ಟಿದ್ದರು.

"ನಾನೇ ಹತ್ತಿ ಒಂದು ತಂದು ಕೊಡ್ತೀನಿ ದೊಡ್ಡಪ್ಪ, ಅಲ್ಲಾಡಿಸಿ ನೋಡಿ," ಎಂದೆ.

"ಏರಿಸಿದ ಕೈಯೇ ಮೊದಲ ಕಾಯಿ ಇಳಿಸ್ಬೇಕು. ನಮ್ಮಪ್ಪನ ಕಾಲದಿಂದ ಹಂಗೇ. ನೀನು ಮುಟ್ಬೇಡ."

ಹದಿಮೂರನೇ ದಿನ ಸಂಜೆ ಹಟ ಜೋರಾಯಿತು. "ಒಂದೇ ಕಾಲಲ್ಲಿ ಹತ್ತುತೀನಿ ಕಣೇ. ನಾಳೆ ಹತ್ತೇ ಹತ್ತುತೀನಿ. ನೀವಿಬ್ರೂ ಮಲಗಿದ್ದಾಗ ನೋಡ್ಕೋ."

"ಹತ್ತಿ, ಹತ್ತಿ! ಇನ್ನೊಂದು ಕಾಲೂ ಕುಯ್ಸಿಕೊಂಡು ಉಂಡೆ ಕೊಬ್ಬರಿ ಥರ ಉಳ್ಳಾಡ್ಕೊಂಡಿರಿ!" ಎಂದು ಗದರಿದ ದೊಡ್ಡಮ್ಮ, ಏಣಿಯನ್ನು ಪಕ್ಕದ ಮನೆಯ ಟೈಲರ್ ರಹಮತ್ ಸಾಬರ ಅಂಗಳಕ್ಕೆ ಸಾಗಿಸಿಬಿಟ್ಟರು.

ಹದಿನಾಲ್ಕನೇ ದಿನ ದೊಡ್ಡಮ್ಮ ಊಟ ಮುಗಿಸಿ ತೋಟಕ್ಕೆ ಹೋದರು. ನಾನು ಬಾಗಿಲ ಚಿಲಕ ಹಾಕಿ ಬಂದೆ. ದೊಡ್ಡಪ್ಪ ಮಂಚದ ಮೇಲೆ, ಕಾಲು ಎರಡು ದಿಂಬಿನ ಮೇಲೆ. ಅವರು ಇಳಿದರೆ ತಿಳಿಯಲಿ ಎಂದು ಮಂಚಕ್ಕೆ ಒರಗಿ ನೆಲದಲ್ಲಿ ಕೂತೆ. ಎರಡು ಇಪ್ಪತ್ತಕ್ಕೆ ಮಾತ್ರೆ ಕೊಟ್ಟು ಬರೆದಿದ್ದೇನೆ. ಅಲ್ಲಿಂದಾಚೆ ನಿದ್ದೆ.

ಎಚ್ಚರವಾದದ್ದು ಲೊಟಲೊಟ ಸದ್ದಿಗೆ. ಗಡಿಯಾರದಲ್ಲಿ ಮೂರು ಹತ್ತು.

ದೊಡ್ಡಪ್ಪ ಮಲಗಿದಲ್ಲೇ ಒಂದು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖದಲ್ಲಿ ಅಷ್ಟು ಸಮಾಧಾನ ನಾನು ನೋಡಿರಲಿಲ್ಲ.

"ಬೇಡ ಅಂದ್ರೂ ತಂದಿಟ್ಯಲ್ಲ. ಹೋಗ್ಲಿ ಬುಡು. ಬಿಟ್ಟೈತೆ ಕಣವ್ವ, ಕೇಳು."

"ನಾನು ತಂದಿಲ್ಲ ದೊಡ್ಡಪ್ಪ."

"ಮತ್ತಿನ್ಯಾರು? ಕಣ್ಣು ಬಿಟ್ಟಾಗ ಮಗ್ಗುಲಲ್ಲೇ ಇತ್ತು."

ಕಾಯಿಯ ಮೇಲೆ ಸುಣ್ಣದ ಬೊಟ್ಟಿತ್ತು. ದಡಕ್ಕನೆ ಎದ್ದೆ. ಹೆದರಿಕೆ ಕಾಯಿಯದಲ್ಲ, ಕಾಲಿನದು. ಇವರು ಇಳಿದುಬಿಟ್ಟಿದ್ದಾರೆ, ನಾನು ನಿದ್ದೆ ಮಾಡಿಬಿಟ್ಟೆ ಎಂದುಕೊಂಡೆ. ಬ್ಯಾಂಡೇಜು ನೋಡಿದೆ. ಬೆಳಿಗ್ಗೆ ನಾನು ಕಟ್ಟಿದಂತೆಯೇ ಇತ್ತು, ಹಿಮ್ಮಡಿಯ ಕೆಳಗೂ ಒಂದು ಚೂರು ಮಣ್ಣಿಲ್ಲದೆ ಬೆಳ್ಳಗೆ. ಬಿಚ್ಚಿದೆ. ಚರ್ಮ ಗುಲಾಬಿ ಬಣ್ಣದಲ್ಲಿ ಕಚ್ಚಿಕೊಂಡಿತ್ತು. ಒಂದು ತೊಟ್ಟು ರಕ್ತ ಇರಲಿಲ್ಲ.

ಮತ್ತೆ ಕಟ್ಟಿ, ಬಾಗಿಲಿಗೆ ಬಂದೆ. ಚಿಲಕ ಹಾಕಿದಂತೆಯೇ ಇತ್ತು. ತೆಗೆದು ಪಕ್ಕದ ಮನೆಗೆ ಓಡಿದೆ.

"ಏಣಿ ಯಾರಾದ್ರೂ ತಗೊಂಡು ಹೋಗಿದ್ರಾ ಸಾಬ್ರೇ?"

"ಎಲ್ಲಿಂದ ತಗೊಂಡು ಹೋಗ್ತಾರವ್ವ? ಬೆಳಿಗ್ಗಿಂದ ಅದರ ಮೇಲೆ ನಮ್ಮನೆ ಬಟ್ಟೆ ಒಣಗ್ತಾ ಐತೆ. ಏಣಿ ಬಾಡಿಗೆಗೆ ಬಟ್ಟೆ ಹೊಲ್ಕೊಡ್ಲಾ ಅಂತ ನಿಮ್ಮ ದೊಡ್ಡಮ್ಮನ್ನೇ ಕೇಳೋಣ ಅಂತಿದ್ದೆ," ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಬಟ್ಟೆ ತೆಗೆದು, ಏಣಿ ಹೊತ್ತು ತಂದು ನಿಲ್ಲಿಸಿಕೊಟ್ಟರು.

ನಾನು ಅಟ್ಟ ಹತ್ತಿದೆ. ಹತ್ತುವ ಕಂಡಿಯಿಂದ ಮೂಲೆಯವರೆಗೆ ಒಂದು ವರ್ಷದ ದೂಳು ಹಾಸಿತ್ತು. ಅದರಲ್ಲಿ ಮನುಷ್ಯರ ಹೆಜ್ಜೆ ಇರಲಿಲ್ಲ, ಇಲಿಯ ಹೆಜ್ಜೆಯೂ ಇರಲಿಲ್ಲ. ಸುಣ್ಣದ ಬೊಟ್ಟಿನ ರಾಶಿಯ ಅಂಚಿನಲ್ಲಿ ಒಂದು ಕಾಯಿಯಷ್ಟು ಜಾಗ ಮಾತ್ರ ದೂಳಿಲ್ಲದೆ ದುಂಡಗೆ ಖಾಲಿ ಇತ್ತು. ಕೆಳಗಿಳಿದು ನನ್ನ ಬಟ್ಟೆ ನೋಡಿಕೊಂಡೆ. ಹತ್ತಿ ಬಂದದ್ದಕ್ಕೆ ಮೊಣಕಾಲವರೆಗೆ ದೂಳು. ಮೊದಲು ಇರಲಿಲ್ಲ, ಅದಂತೂ ನಿಜ.

ಓದುವವರು ಏನು ಹೇಳುತ್ತೀರೆಂದು ನನಗೆ ಗೊತ್ತು. ನಾನೇ ನಿದ್ದೆಗಣ್ಣಲ್ಲಿ ತಂದಿರಬೇಕು. ಹದಿಮೂರು ದಿನಕ್ಕೆ ನಲವತ್ತೇಳು ಗಂಟೆ ಮಲಗಿದವಳು ಏನು ಬೇಕಾದರೂ ಮಾಡಬಹುದು. ಒಪ್ಪುತ್ತೇನೆ. ಆದರೆ ಏಣಿಯಿಲ್ಲದೆ, ದೂಳು ತುಳಿಯದೆ ಹೇಗೆ ತಂದೆ ಎಂಬುದನ್ನೂ ಯಾರಾದರೂ ಹೇಳಿಕೊಡಬೇಕು. ದೊಡ್ಡಮ್ಮ ಸಂಜೆ ಬಂದು ಎಲ್ಲ ಕೇಳಿ, ದೇವರಿಗೆ ದೀಪ ಹಚ್ಚಿ, "ಇದನ್ನ ಊರಲ್ಲಿ ಹೇಳ್ಬೇಡ" ಎಂದರು.

ಅಂದಿನಿಂದ ದೊಡ್ಡಪ್ಪ ಅಟ್ಟದ ಸುದ್ದಿ ಎತ್ತಲಿಲ್ಲ. ಉಳಿದ ಏಳು ದಿನ ಕಾಯಿಯನ್ನು ಮಗ್ಗುಲಲ್ಲಿಟ್ಟುಕೊಂಡು ಅಲುಗಾಡದೆ ಮಲಗಿದರು. ಇಪ್ಪತ್ತೆರಡನೇ ದಿನ ಡಾಕ್ಟರು ಚರ್ಮ ಕೂತಿದೆ ಎಂದರು. ಈಗಲೂ ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತೇವೆ. ಪ್ರತಿ ಸಲವೂ ರಿಪೋರ್ಟು ಬರುವವರೆಗೆ ನನಗೆ ಅದೇ ಹಳೆಯ ಆಯಾಸ ಮರಳಿ ಬರುತ್ತದೆ. ದೊಡ್ಡಪ್ಪ ಚಪ್ಪಲಿ ಹಾಕಿಕೊಂಡು, ಸ್ವಲ್ಪ ಕುಂಟುತ್ತಾ, ತೋಟಕ್ಕೆ ಹೋಗುತ್ತಾರೆ. ಆ ಕಾಯಿಯನ್ನು ಮಾತ್ರ ಸುಲಿಯಲು ಬಿಟ್ಟಿಲ್ಲ.

ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. 'ಕಾಲು ನೆಲಕ್ಕೆ' ಎಂಬ ಮನೆಯಲ್ಲಿ ಇಪ್ಪತ್ತು ಸೊನ್ನೆಗಳಿವೆ. ಹದಿನಾಲ್ಕನೇ ದಿನದ ಮುಂದೆ ಸೊನ್ನೆ ಬರೆಯೋಣವೆಂದರೆ ಕಾಯಿ ಹೇಗೆ ಬಂತು? ಒಂದು ಎಂದು ಬರೆಯೋಣವೆಂದರೆ ಕಾಲು ಹೇಗೆ ಉಳಿಯಿತು? ಪೆನ್ನು ಹಿಡಿದು ಎಷ್ಟೋ ಸಲ ಕೂತಿದ್ದೇನೆ. ಆ ಒಂದು ಮನೆ ಇವತ್ತಿಗೂ ಖಾಲಿ ಇದೆ.