ಬಾಗಿಲ ಹೊರಗೆ ಕೂತ ಸೆಕ್ರೆಟರಿ

ಅವರ ಗಂಟಲು ಒಡೆದುಹೋಗಿತ್ತು. ಮುಷ್ಕರದ ದಿನಗಳಲ್ಲಿ ಘೋಷಣೆ ಕೂಗಿ ಕೂಗಿ ಕೆಟ್ಟ ದನಿ ಮತ್ತೆ ಸರಿಹೋಗಲೇ ಇಲ್ಲ. ಮಾತಾಡಿದರೆ ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದ ಹಾಗೆ ಕೇಳುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಬೇಸಿಗೆಯಲ್ಲೂ ಕಂದು ಬಣ್ಣದ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದರು.

ಊರಿಗೆ ನೀರು ಬಿಡುವ ಸರ್ಕಾರಿ ಇಲಾಖೆಯಲ್ಲಿ ಅವರು ಪಂಪ್ ಆಪರೇಟರ್, ನಾನು ಗುಬ್ಬಿ ಕಚೇರಿಯ ಟೈಪಿಸ್ಟ್. ನೌಕರರ ಸಂಘಕ್ಕೆ ಅವರೇ ಸೆಕ್ರೆಟರಿ. ಎಲ್ಲರೂ ಹಾಗೇ ಕರೆಯುತ್ತಿದ್ದರು. ತುಮಕೂರಿನ ಬಟವಾಡಿಯ ಬಾಡಿಗೆ ಮನೆಗೆ ನಾವು ಹೋದರೆ ಅವರ ಹೆಂಡತಿಯೂ, “ಸೆಕ್ರೆಟರಿ ನಮಾಜಿಗೆ ಹೋಗವ್ರೆ, ಕೂತ್ಕಳಿ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಸಂಘಕ್ಕೆ ಬೆಲೆಯಿತ್ತು. ಹೆರಿಗೆ ರಜೆ ಮುಗಿಸಿ ನಾನು ಕೆಲಸಕ್ಕೆ ಬಂದ ವಾರವೇ ಕುಣಿಗಲ್‌ಗೆ ವರ್ಗವಾಯಿತು. ಅತ್ತುಕೊಂಡು ಅವರ ಬಳಿ ಹೋದೆ. ಮರುದಿನವೇ ಗುಬ್ಬಿಗೆ ಬಂದು, ನನ್ನನ್ನು ಕರೆದುಕೊಂಡು ನಮ್ಮ ಕಚೇರಿಯ ಸಾಹೇಬರ ಕೋಣೆಗೆ ನಡೆದರು. ಸಾಹೇಬರು ಕುರ್ಚಿ ತೋರಿಸಿ ಟೀ ತರಿಸಿದರು.

“ಸಾರ್, ಮಗು ಹಾಲು ಬಿಟ್ಮೇಲೆ ಎಲ್ಲಿಗಾದ್ರೂ ಹಾಕಿ. ಈಯಮ್ಮನೂ ಬೇಡ ಅನ್ನಲ್ಲ.”

ಸಾಹೇಬರು ನಕ್ಕು ವರ್ಗಾವಣೆ ನಿಲ್ಲಿಸಿದರು. ಹೊರಗೆ ಬಂದ ಮೇಲೆ ನಾನು ಕೈ ಮುಗಿದರೆ ಅವರಿಗೆ ಮುಜುಗರ. “ಮೊದ್ಲು ಮನೆಗೋಗಮ್ಮ, ಮಗು ಕಾಯ್ತಿರ್ತದೆ” ಎಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಟ್ಟರು.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಮುಷ್ಕರದ ಮಾತು ಎತ್ತುವ ಹಾಗಿರಲಿಲ್ಲ. ಅದು ಮುಗಿದರೆ ಎಲ್ಲ ಮೊದಲಿನಂತಾಗುತ್ತದೆ ಅಂದುಕೊಂಡೆವು. ಆಗಲಿಲ್ಲ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮೇಲಿನಿಂದ ಇನ್ನೊಂದು ಆದೇಶ ಇಳಿಯಿತು. ನೌಕರರ ಸಂಬಳ, ವರ್ಗಾವಣೆ, ಶಿಸ್ತಿನ ವಿಷಯಗಳನ್ನು ಇನ್ನು ಮುಂದೆ ಸಂಘದ ಜೊತೆ ಚರ್ಚಿಸುವಂತಿಲ್ಲ; ಅವರವರ ಅರ್ಜಿ ಅವರವರೇ ಕೊಡಬೇಕು; ಕೆಲಸ ನಿಲ್ಲಿಸಿದರೆ ಸರ್ವೀಸ್ ಕಡಿತ. ಅದರ ಪ್ರತಿಗಳನ್ನು ಟೈಪ್ ಮಾಡಿದವಳು ನಾನೇ.

ಸಿ.ಎಸ್. ಪುರದ ವಾಲ್ವ್‌ಮ್ಯಾನ್ ಒಬ್ಬನ ಕಾಲು ಪೈಪಿನಡಿ ಸಿಕ್ಕಿ ನಜ್ಜುಗುಜ್ಜಾದಾಗ ಸೆಕ್ರೆಟರಿ ಪರಿಹಾರ ಕೇಳಲು ನಮ್ಮ ಕಚೇರಿಯ ಹೊಸ ಸಾಹೇಬರ ಬಳಿ ಹೋದರು. ಸಾಹೇಬರು ಕೂರಲು ಹೇಳಲಿಲ್ಲ. “ನಿಮ್ಮ ಸ್ವಂತ ವಿಷಯ ಇದ್ರೆ ಹೇಳಿ. ಬೇರೆಯವರದ್ದು ನಿಮಗ್ಯಾಕೆ?” ಎಂದರಂತೆ. ಸೆಕ್ರೆಟರಿ ವರಾಂಡದ ಬೆಂಚಿನ ಮೇಲೆ ಬಂದು ಕೂತರು. ನಾನು ನೀರು ಕೊಟ್ಟೆ.

“ಸ್ವಂತ ವಿಷಯ ಹೇಳು ಅಂತಾರೆ ಕಣಮ್ಮ. ಯೋಚ್ನೆ ಮಾಡ್ದೆ. ಏನಿದೆ ಅಂತ ನೆನಪೇ ಬರ್ಲಿಲ್ಲ.”

ಜನ ಒಬ್ಬೊಬ್ಬರಾಗಿ ಸಂಘ ಬಿಟ್ಟರು. ಯಾರೂ ಜಗಳವಾಡಿ ಬಿಡಲಿಲ್ಲ; ಚಂದಾ ಕೊಡುವುದನ್ನು ಮರೆತಂತೆ ಮಾಡಿದರು, ಅಷ್ಟೆ. ಅವರು ಮಾತ್ರ ಭಾನುವಾರ ಬಂತೆಂದರೆ ಬಸ್ಸು ಹತ್ತಿ ಗುಬ್ಬಿಗೋ ಕುಣಿಗಲ್‌ಗೋ ಹೋಗುತ್ತಿದ್ದರು. ಒಮ್ಮೆ ಕುಣಿಗಲ್ ಸಭೆಗೆ ನಾನೂ ಹೋಗಿದ್ದೆ. ಹಾಕಿದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಮಾರ್ಕೋನಹಳ್ಳಿ ಕಡೆಯ ಪಂಪ್ ಆಪರೇಟರ್ ಒಬ್ಬ ಎದ್ದು ನಿಂತ.

“ಭಾಯಿ, ನಿಮ್ಮೇಲೆ ನಮಗೇನೂ ಬ್ಯಾಸರ ಇಲ್ಲ. ಆದ್ರೆ ಇನ್ಮ್ಯಾಕೆ ಸಂಘ ಏನ್ ಮಾಡ್ತದೆ, ನೀವೇ ಹೇಳಿ.”

ಸೆಕ್ರೆಟರಿ ಮಫ್ಲರ್ ಸಡಿಲಿಸಿಕೊಂಡರು. “ಏನೂ ಮಾಡಕ್ಕಾಗಲ್ಲಪ್ಪ” ಎಂದರು. “ಆದ್ರೂ ಕರೆದ್ರೆ ಬರ್ತೀನಿ.”

ಆತ ಆವತ್ತೇ ಸಂಘ ಬಿಟ್ಟ.

ಮರುವರ್ಷ ಅವನ ಪಾಳಿಯಲ್ಲಿ ಮೋಟಾರು ಸುಟ್ಟು, ತುಮಕೂರಿನಲ್ಲಿ ವಿಚಾರಣೆ ನಡೆಯಿತು. ಅವನು ಯಾರನ್ನೂ ಕರೆದಿರಲಿಲ್ಲ. ಸುದ್ದಿ ಕೇಳಿದ ಸೆಕ್ರೆಟರಿ ರಜೆ ಹಾಕಿ ಅಲ್ಲಿಗೆ ಹೋದರು. ಒಳಗೆ ಬಿಡುವುದಿಲ್ಲ ಎಂದು ಜವಾನ ಹೇಳಿದ. “ಗೊತ್ತಪ್ಪ” ಎಂದು ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನ ಕಳೆಯಿತು. ಊಟಕ್ಕೂ ಏಳಲಿಲ್ಲ. ಸಂಜೆ ಬಾಗಿಲು ತೆರೆದಾಗ ಆತ ಬಿಳಿಚಿಕೊಂಡು ಹೊರಗೆ ಬಂದ. ಬಡ್ತಿ ತಡೆದಿದ್ದರು, ಕೆಲಸ ಉಳಿದಿತ್ತು. ಅದು ಉಳಿದದ್ದರಲ್ಲಿ ಸೆಕ್ರೆಟರಿಯ ಪಾತ್ರವೇನೂ ಇರಲಿಲ್ಲ. ಅವನು ಅವರ ಪಕ್ಕದಲ್ಲೇ ಕುಕ್ಕರಿಸಿದ.

“ಕಿಟಕೀಲಿ ನಿಮ್ ಮಫ್ಲರು ಕಾಣ್ತಿತ್ತು ಭಾಯಿ” ಎಂದ.

ಅವರು ಅವನ ಬೆನ್ನು ತಟ್ಟಿ, “ಏಳು, ಏನಾದ್ರೂ ತಿನ್ನಾಣ” ಎಂದರು.

ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿರುವಾಗಲೇ ಸೆಕ್ರೆಟರಿ ಹೋಗಿಬಿಟ್ಟರು. ಎದೆನೋವು ಅಂದರು, ಆಸ್ಪತ್ರೆ ತಲುಪಲಿಲ್ಲ. ನಾನು ಬಟವಾಡಿಗೆ ಹೋದಾಗ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಂದಾ ನಿಲ್ಲಿಸಿದವರು, ಸಭೆಗೆ ಬಾರದೆ ತಪ್ಪಿಸಿಕೊಂಡವರು ಎಲ್ಲರೂ ಬಂದಿದ್ದರು. ಮಾರ್ಕೋನಹಳ್ಳಿ ಕಡೆಯ ಆ ಪಂಪ್ ಆಪರೇಟರ್ ಬಾಗಿಲಲ್ಲಿ ನಿಂತು ಬಂದವರಿಗೆ ದಾರಿ ಬಿಡಿಸುತ್ತಿದ್ದ. ಮನೆಯ ಹಿರಿಯರೊಬ್ಬರು ಅವನನ್ನು ಕೇಳಿದರು: “ನೀವು ಸಂಘದವ್ರಾ?”

ಅವನು ತಲೆ ತಗ್ಗಿಸಿದ.

“ಅಲ್ಲ” ಎಂದ. “ಅವ್ರ ಕಡೆಯವ್ನು.”