ಹತ್ತಿ ಹೊಲದಲ್ಲಿ ಆಯಿಗೆ ಕೇಳಿಸಿದ ಸದ್ದು

ಈ ಬರಹದಲ್ಲಿ ಭಾಷೆಯ ದೋಷಗಳಿದ್ದರೆ, ಘಟನೆಗಳ ಕ್ರಮ ಎಲ್ಲಾದರೂ ಹಿಂದುಮುಂದಾಗಿದ್ದರೆ, ಓದುಗರು ದಯವಿಟ್ಟು ಕ್ಷಮಿಸಬೇಕು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಬರೆದದ್ದನ್ನು ನೋಡಿ ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಕೃಷಿ ಪದವೀಧರೆಯಾದ ನಾನು ಅಳತೆಗೆ ಸಿಗದ ಯಾವ ಸಂಗತಿಯನ್ನೂ ನಂಬುತ್ತಿರಲಿಲ್ಲ. ಊರಿನಲ್ಲಿ ಯಾರಾದರೂ ಅಂಥ ಕಥೆ ಶುರುಮಾಡಿದರೆ ಮುಖ ಗಂಟುಹಾಕಿಕೊಂಡು ಎದ್ದುಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದಿನ ಮಾತು. ಶಹಾಪುರದ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಡ್ರೋನ್ ಹಾರಿಸುವ ಕೆಲಸ ಸಿಕ್ಕಿತ್ತು. ಬೆಳೆಗೆ ಹಾನಿ ಮಾಡುವ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಅಲ್ಲಿಯೇ ಕೊಲ್ಲುವ ಒಂದು ಬಗೆಯ ಕಣಜವಿದೆ. ಅದು ಸಾಸಿವೆ ಕಾಳಿಗಿಂತಲೂ ಬಹಳ ಚಿಕ್ಕದು. ಹೊರಬರಲು ಸಿದ್ಧವಾಗಿರುವ ಕಣಜಗಳನ್ನು ಬಟಾಣಿ ಗಾತ್ರದ ರಟ್ಟಿನ ಗುಂಡುಗಳಲ್ಲಿ ತುಂಬಿ, ಡ್ರೋನ್‌ನಿಂದ ಹೊಲದ ಮೇಲೆ ಉದುರಿಸುವುದು ನಮ್ಮ ಕೆಲಸ. ಯಾವ ರೈತರೂ ಮೊದಲು ಒಪ್ಪಲಿಲ್ಲ. ಕೊನೆಗೆ ಗೋಗಿಯ ಹತ್ತಿರವಿರುವ ನಮ್ಮ ಹತ್ತಿ ಹೊಲದಲ್ಲಿಯೇ ಪ್ರಯೋಗ ಮಾಡುವುದೆಂದಾಯಿತು.

ಥರ್ಮಾಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಷೇರ್ ಆಟೋದಲ್ಲಿ ಊರಿಗೆ ಬರುವಾಗ, ಪಕ್ಕದ ಹೊಲದ ಹುಸೇನಸಾಬ ಕಾಕಾ ಒಳಗೇನಿದೆ ಎಂದು ಕೇಳಿದರು. ಹೇಳಿದೆ. ಆಟೋದಲ್ಲಿದ್ದವರೆಲ್ಲ ನಕ್ಕರು.

“ಹುಳಾ ರೊಕ್ಕಾ ಕೊಟ್ಟು ತರ್ತಾರೇನವಾ? ನನ್ನ ಹೊಲದಾಗ ಬೇಕಾದಷ್ಟು ಅವ, ಪುಕಟ ಒಯ್ಯಿ” ಎಂದರು ಕಾಕಾ.

ನಗಲು ನನ್ನಿಂದಾಗಲಿಲ್ಲ. ಹಿಂದಿನ ವರ್ಷ ಎಣ್ಣೆ ಹೊಡೆಯುವಾಗ ಅಪ್ಪ ಸಾಲಿನ ನಡುವೆ ಕುಸಿದುಬಿದ್ದಿದ್ದ. ಕೀಟನಾಶಕವನ್ನು ನಮ್ಮಲ್ಲಿ ಎಣ್ಣೆ ಎಂದೇ ಕರೆಯುತ್ತಾರೆ. ಆಸ್ಪತ್ರೆಯಿಂದ ಕಳಿಸುವಾಗ ವೈದ್ಯರು, ಇನ್ನೊಮ್ಮೆ ಹೀಗಾದರೆ ಜೀವಕ್ಕೆ ಹೊಣೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಆದರೂ ಈ ಸಲ, ಹುಳು ಬಂದದ್ದು ತಿಳಿಯಲೆಂದು ಹೊಲದಲ್ಲಿ ಕಟ್ಟಿದ್ದ ಬಲೆಯಲ್ಲಿ ಕಾಯಿಕೊರಕದ ಪತಂಗಗಳು ಬೀಳತೊಡಗಿದ ಕೂಡಲೇ ಅಪ್ಪ ಎಣ್ಣೆ ಹೊಡೆಯುವ ಪಂಪು ತೊಳೆದಿಟ್ಟಿದ್ದ. ನಾನು ಅಂಗಲಾಚಿದ ಮೇಲೆ ಒಂದು ಕರಾರಿಗೆ ಒಪ್ಪಿದ.

“ನಿನ್ನ ಹುಳಾ ಯಾರಿಗೂ ಕಾಣಂಗಿಲ್ಲ. ಹುಳಾ ತಿಂದ ಕಾಯಿ ಊರ ಮಂದಿಗೆಲ್ಲ ಕಾಣ್ತದ. ಮೂರು ದಿನ ತಡೀತೀನಿ. ನಾಕನೇ ದಿನ ಮುಂಜಾನೆ ಎಣ್ಣಿ ಹೊಡಿಯಾಂವನೇ.”

ಇಳಿಹೊತ್ತಿನಲ್ಲಿ ಡ್ರೋನ್ ಹಾರಿಸಿದೆ. ಅಪ್ಪನ ತಾಯಿ, ನಮ್ಮ ಆಯಿ, ಬೆಳೆಯಿದ್ದಷ್ಟು ದಿನ ಹೊಲದ ಗುಡಿಸಿಲಿನಲ್ಲಿಯೇ ಇರುತ್ತಿದ್ದಳು. ಆಕೆಗೆ ಎಷ್ಟೋ ವರ್ಷಗಳಿಂದ ಕಿವಿ ಕೇಳುವುದಿಲ್ಲ, ಕಣ್ಣಿಗೂ ಪೊರೆ ಬಂದಿದೆ. ಡ್ರೋನ್ ಆಕೆಯ ಹಿಂದೆ ನಾಲ್ಕು ಮಾರು ದೂರದಲ್ಲಿ ಇಳಿದಾಗಲೂ ತಿರುಗಿ ನೋಡಲಿಲ್ಲ. ಧೂಳು ಮುಖಕ್ಕೆ ಹಾರಿದ ಮೇಲೆಯೇ ಸೆರಗು ಕೊಡವಿಕೊಂಡು ನನ್ನನ್ನು ಬೈದದ್ದು. ಹೊಲವೆಲ್ಲ ಮುಗಿಯಿತೆಂದು ಪರದೆಯ ಮೇಲೆ ಹಸಿರು ಬಣ್ಣ ಬಂದಿತ್ತು. ಕತ್ತಲಾಗುತ್ತಿದ್ದುದರಿಂದ ಡ್ರೋನ್‌ಗೆ ಜೋಡಿಸಿದ್ದ ಗುಂಡುಗಳ ಡಬ್ಬಿಯನ್ನು ಬಿಚ್ಚಿ ನೋಡದೆ ಮನೆಗೆ ತಂದಿಟ್ಟೆ. ಅದು ನನ್ನ ತಪ್ಪು.

ಮುಂದಿನ ಮೂರು ದಿನಗಳೂ ನಾನು ಕೆಲಸ ಮುಗಿಸಿ ಶಹಾಪುರದಿಂದ ನೇರ ಹೊಲಕ್ಕೆ ಬರುತ್ತಿದ್ದೆ, ಬದುವಿನ ಹತ್ತಿರದ ಸಾಲುಗಳಲ್ಲಿ ಬಿದ್ದಿದ್ದ ಗುಂಡುಗಳನ್ನು ಎತ್ತಿ ನೋಡುತ್ತಿದ್ದೆ. ಏನೂ ಹೊರಬಂದಿರಲಿಲ್ಲ. ತಂಪು ಹೆಚ್ಚಾಗಿ ಸತ್ತಿರಬಹುದೇ, ಆಟೋದಲ್ಲಿ ಬಿಸಿಲು ತಗುಲಿರಬಹುದೇ ಎಂದು ಯೋಚಿಸಿ ಯೋಚಿಸಿ ದಣಿದುಹೋದೆ. ನಾಲ್ಕನೆಯ ದಿನ ಬೆಳಕು ಹರಿಯುತ್ತಲೇ ಅಪ್ಪ ಕೊಡದಿಂದ ಪಂಪಿಗೆ ನೀರು ಸುರಿಯತೊಡಗಿದ. ಎಣ್ಣೆಯ ಬಾಟಲಿ ಬದುವಿನ ಮೇಲಿತ್ತು. ತಡೆಯುವುದಕ್ಕೆ ನನ್ನ ಬಳಿ ಪುರಾವೆ ಇರಲಿಲ್ಲ.

ಆಗ ಸಾಲುಗಳ ತುದಿಯಲ್ಲಿ ಕುಳಿತಿದ್ದ ಆಯಿ ಅಪ್ಪನನ್ನು ಕರೆದಳು.

“ಏ ಮಗಾ, ಹೊಲದಾಗ ಏನೋ ಗುಣುಗುಣು ಅನ್ನಾಕತ್ತದಲ್ಲೋ.”

ಅಪ್ಪ ಕೊಡ ಕೆಳಗಿಟ್ಟ. “ಯವ್ವಾ, ನಿನಗ ಕೇಳ್ತದೇನ?” ಎಂದು ಜೋರಾಗಿ ಕೂಗಿದ. ಆ ಕೂಗು ಆಕೆಗೆ ಕೇಳಲಿಲ್ಲ. ತಲೆ ವಾಲಿಸಿಕೊಂಡು, ಕೋಲಿನಿಂದ ಹೊಲದ ಉದ್ದಕ್ಕೂ ತೋರಿಸುತ್ತ ತನ್ನಷ್ಟಕ್ಕೆ ಹೇಳಿದಳು: “ಇಲ್ಲಿಂದ ಆ ಬೇವಿನ ಗಿಡದ ಮಟಾ ಅದ. ಅದರಾಚಿಗಿ ಇಲ್ಲ. ಅಲ್ಲಿ ಎಲ್ಲಾ ಸುಮ್ಮ ಅದ.”

ನಾನು ಓಡಿಹೋಗಿ ಹತ್ತಿರದ ಸಾಲಿನಿಂದ ಒಂದು ಗುಂಡನ್ನು ಎತ್ತಿದೆ. ಅಂಗೈ ಮೇಲೆ ಧೂಳಿನ ಕಣಗಳಂತಹವು ನಡೆದಾಡತೊಡಗಿದವು. ಬೇವಿನ ಗಿಡದವರೆಗಿನ ಪ್ರತಿ ಸಾಲಿನಲ್ಲೂ ಹೀಗೆಯೇ ಇತ್ತು. ಅದರಾಚೆ ಮೊಣಕಾಲೂರಿ ಹುಡುಕಿದರೂ ಒಂದೇ ಒಂದು ಗುಂಡು ಸಿಗಲಿಲ್ಲ. ಮನೆಗೆ ಹೋಗಿ ಡಬ್ಬಿ ಬಿಚ್ಚಿದಾಗ, ಉಳಿದ ಗುಂಡುಗಳು ತೇವಕ್ಕೆ ಅಂಟಿಕೊಂಡು ಡಬ್ಬಿಯ ಬಾಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಅದು ನನಗೇ ಗೊತ್ತಿರಲಿಲ್ಲ.

ನಾನು ಹೊಲಕ್ಕೆ ಮರಳುವಷ್ಟರಲ್ಲಿ ಅಪ್ಪ ಪಂಪಿನ ನೀರನ್ನು ಬದುವಿನ ಮೇಲೆ ಚೆಲ್ಲಿದ್ದ. “ನೀ ಹೇಳಿದ್ದಕ್ಕಲ್ಲ, ಆಕಿ ಹೇಳಿದ್ದಕ್ಕ” ಎಂದ. ಹದಿನಾರು ವರ್ಷ ಓದಿದ ನನ್ನನ್ನು ಆ ಮಾತು ನೋಯಿಸಿತು. ಆದರೂ ಚೆಲ್ಲಿದ ನೀರನ್ನು ನೋಡಿ ಅಲ್ಲಿಯೇ ಕುಳಿತುಬಿಟ್ಟೆ.

ವಯಸ್ಸಾದವರ ಕಿವಿಯಲ್ಲಿ ತಾನೇ ತಾನಾಗಿ ಸದ್ದಾಗುವುದುಂಟು ಎಂದು ವೈದ್ಯರೊಬ್ಬರು ಆಮೇಲೆ ವಿವರಿಸಿದರು. ಒಪ್ಪಿದೆ. ಆದರೆ ಆ ಸದ್ದು ಬೇವಿನ ಗಿಡದ ಹತ್ತಿರ ಏಕೆ ನಿಂತಿತು ಎಂಬುದನ್ನು ಅದು ವಿವರಿಸುವುದಿಲ್ಲ. ಆ ಕಣಜದ ಸದ್ದು ಚೆನ್ನಾಗಿರುವ ಕಿವಿಗೂ ಕೇಳುವಂಥದ್ದಲ್ಲ. ಮರುವರ್ಷ ಕಣಜಗಳು ಹೊರಬರುವ ದಿನ ಆಯಿಯನ್ನು ಅದೇ ಜಾಗದಲ್ಲಿ ಕೂರಿಸಿ, ಹೋದ ವರ್ಷ ಹೇಳಿದ ಗುಣುಗುಣು ಈಗಲೂ ಕೇಳುತ್ತದೆಯೇ ಎಂದು ಕಿವಿಗೆ ಬಾಯಿಟ್ಟು ಕೂಗಿ ಕೇಳಿದೆ. “ಕಿವುಡಿಗಿ ಚಾಷ್ಟಿ ಮಾಡ್ತೀಯೇನಬೇ? ನಾ ಯಾವಾಗ ಹಂಗ ಅಂದೀನಿ?” ಎಂದು ಸಿಟ್ಟು ಮಾಡಿದಳು. ಆಕೆಗೆ ಆ ಮುಂಜಾನೆಯ ನೆನಪೇ ಇರಲಿಲ್ಲ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಬಗೆಹರಿದಿಲ್ಲ. ಈಗ ಯೋಚಿಸಲು ತ್ರಾಣವೂ ಇಲ್ಲ.

ಆ ವರ್ಷ ಹುಳು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು ಅಷ್ಟೇ. ಅನಂತರ ನಮ್ಮ ಮನೆಯಲ್ಲಿ ಬದಲಾದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹತ್ತಿಯನ್ನು ಅರ್ಧಕ್ಕಿಳಿಸಿ, ಉಳಿದ ಹೊಲಕ್ಕೆ ತೊಗರಿ ಹಾಕಿದ್ದೇವೆ. ಎಣ್ಣೆ ಹೊಡೆಯಲೇಬೇಕಾದಾಗ ನಾನೇ ಡ್ರೋನ್‌ನಿಂದ ಹೊಡೆಯುತ್ತೇನೆ. ಅಪ್ಪ ಆ ದಿನ ಹೊಲಕ್ಕೆ ಬರುವುದಿಲ್ಲ. ಅಪ್ಪ ಕುಸಿದುಬಿದ್ದ ದಿನದಿಂದ ಅವನ ಉಸಿರಾಟ ನೋಡಿಕೊಳ್ಳಲು ಪ್ರತಿ ರಾತ್ರಿ ಎದ್ದು ಕೂರುತ್ತಿದ್ದ ಅವ್ವ ಈಗ ಬೆಳಗಿನವರೆಗೆ ಮಲಗುತ್ತಾಳೆ.