ಅಣ್ಣ ಕಾಣೆಯಾದ ಮೇಲೆ ಓದಿದ ಪತ್ತೇದಾರಿ ಕಾದಂಬರಿಗಳು

ಮಾವಿನ ಕೊಯ್ಲು ಮುಗಿದಿತ್ತು. ಅಣ್ಣ ಬೆಳಿಗ್ಗೆ ಮುದ್ದೆ ಉಂಡು, "ಶ್ರೀನಿವಾಸಪುರಕ್ಕೆ ಹೋಗಿ ಪಂಪಿನ ವಾಷರ್ ತರ್ತೀನಿ ಕಣೇ" ಅಂತ ನನಗೆ ಹೇಳಿ ಯಲ್ದೂರಿನ ಮನೆಯಿಂದ ಹೊರಟ. ಸಂಜೆಯಾದರೂ ಬರಲಿಲ್ಲ. ಮೊಬೈಲ್ ಸ್ವಿಚ್ ಆಫ್. ಮಾರನೇ ದಿನ ಅವನ ಬೈಕು ಗಡಿಯ ಪಕ್ಕದ ರಾಯಲ್ಪಾಡಿನ ಬಸ್ ಸ್ಟಾಪಿನ ಹತ್ತಿರ ಸಿಕ್ಕಿತು. ನೀಟಾಗಿ ಸ್ಟ್ಯಾಂಡ್ ಹಾಕಿ ಲಾಕ್ ಮಾಡಿತ್ತು.

ಮನೆಯಲ್ಲಿ ಜಗಳವಾಗಿರಲಿಲ್ಲ. ಠಾಣೆಗೆ ಹೋಗುವಾಗ ಅವನು ಯಾರ ಜೊತೆ ಓಡಾಡುತ್ತಿದ್ದ, ಹಿಂದಿನ ದಿನ ಏನೇನು ಮಾತಾಡಿದ ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ. ಅಲ್ಲಿದ್ದವರು ಹೆಸರು, ವಯಸ್ಸು ಬರೆದುಕೊಂಡು, "ಗಂಡು ಹುಡುಗ, ತಾನಾಗೇ ಬರ್ತಾನೆ ಬಿಡಮ್ಮ" ಅಂದರು. ಬೇರೇನೂ ಕೇಳಲಿಲ್ಲ.

ಅಣ್ಣನಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಅಟ್ಟದ ಮೇಲೆ ಚೀಲದ ತುಂಬ ಇದ್ದವು. ಏನಾದರೂ ಸುಳಿವು ಸಿಕ್ಕೀತೆಂದು ಒಂದೊಂದನ್ನೂ ಒದರಿದೆ. ಧೂಳು ಬಿಟ್ಟು ಬೇರೇನೂ ಉದುರಲಿಲ್ಲ. ಕೈಸೋತು ಕೂತಲ್ಲೇ ಒಂದನ್ನು ತೆರೆದೆ.

ಅದರಲ್ಲಿ ಒಬ್ಬ ರೈಸ್ ಮಿಲ್ ಗುಮಾಸ್ತ ಕಾಣೆಯಾಗಿದ್ದ. ಪತ್ತೇದಾರ ಹಾಲಿನವನನ್ನು ಕೇಳುತ್ತಾನೆ, ಅಡುಗೆಯವಳನ್ನು ಕೇಳುತ್ತಾನೆ: ಕೊನೇ ಸಲ ಯಾವಾಗ ನೋಡಿದ್ರಿ? ಯಾವ ಅಂಗಿ ಹಾಕಿದ್ದ? ಆ ಅಂಗಿಯ ಮಾತು ಓದಿ ಅತ್ತುಬಿಟ್ಟೆ. ಅಣ್ಣ ಹಾಕಿದ್ದು ಬೂದು ಬಣ್ಣದ ಚೌಕುಳಿ ಅಂಗಿ. ಎರಡನೇ ಗುಂಡಿ ನಾನೇ ಹೊಲಿದದ್ದು, ಬೇರೆ ಬಣ್ಣದ್ದು. ನಮ್ಮನ್ನು ಯಾರೂ ಅದನ್ನು ಕೇಳಿರಲಿಲ್ಲ. ಕೊಲೆಗಾರ ಯಾರೆಂಬ ಕುತೂಹಲಕ್ಕೆ ಜನ ಇಂಥವನ್ನು ಓದುತ್ತಾರೆಂದುಕೊಂಡಿದ್ದೆ. ಆದರೆ ಒಬ್ಬ ಸಾಮಾನ್ಯ ಗುಮಾಸ್ತನಿಗಾಗಿ ಒಬ್ಬ ಮನುಷ್ಯ ಅಷ್ಟು ಮನೆಗಳ ಬಾಗಿಲು ತಟ್ಟುತ್ತಿದ್ದ. ಅದು ನನ್ನನ್ನು ಬಿಡಲಿಲ್ಲ. ಕೆಳಗೆ ಒಲೆಯ ಮೇಲೆ ಅನ್ನ ಸೀದದ್ದೂ ಗೊತ್ತಾಗಲಿಲ್ಲ.

ವಾಸನೆಗೆ ಅಮ್ಮ ಓಡಿಬಂದಳು. "ಮನೇಲಿ ಹಿಂಗಾಗಿರೋವಾಗ ಕಥೆ ಓದ್ತಾ ಕೂತಿದೀಯೇನೇ?"

"ಇದರಲ್ಲೂ ಒಬ್ಬ ಕಾಣೆಯಾಗಿದಾನಮ್ಮ."

ಅಮ್ಮನ ಮನೆಮಾತು ತೆಲುಗು; ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು. ಸೀದ ಅನ್ನ ಇಳಿಸಿ ಬಂದು ಕೇಳಿದಳು: "ಸಿಕ್ತಾನಾ?"

"ಇನ್ನೂ ಗೊತ್ತಿಲ್ಲ."

"ಓದು," ಅಂತ ಏಣಿಯ ಬುಡದಲ್ಲಿ ಕೂತುಬಿಟ್ಟಳು.

ಆಮೇಲೆ ದಿನಾ ಮಧ್ಯಾಹ್ನ ಓದುವುದೇ ಆಯಿತು. "ಆ ಅಡುಗೆಯವಳನ್ನ ಇನ್ನೊಂದ್ಸಲ ಕೇಳ್ಬೇಕಿತ್ತು ಅವನು," ಅಂತ ಅಮ್ಮ ತಗಾದೆ ತೆಗೆಯುತ್ತಿದ್ದಳು. ಒಂದು ದಿನ ಪುಸ್ತಕ ಕಿತ್ತುಕೊಂಡು ಪಕ್ಕಕ್ಕಿಟ್ಟು, "ನಾವೇ ಕೇಳೋಣ ನಡಿ" ಅಂದಳು. ಅಣ್ಣನ ಫೋಟೋ ಹಿಡಿದು ರಾಯಲ್ಪಾಡಿನ ಟೀ ಅಂಗಡಿಯವರು, ಟೊಮ್ಯಾಟೊ ಲೋಡ್ ಮಾಡುವವರು, ಬಸ್ ಕಂಡಕ್ಟರು, ಎಲ್ಲರನ್ನೂ ಕೇಳಿದೆವು. ಗಡಿಯಾಚೆಯ ಮದನಪಲ್ಲಿ ಬಸ್ಸು ಹತ್ತಿದ ಹಾಗಿತ್ತು ಅಂದಳು ಒಬ್ಬಳು ಹೂ ಮಾರುವವಳು. ಖಚಿತವಾಗಿ ಹೇಳಲು ಅವಳಿಗೂ ಆಗಲಿಲ್ಲ.

ಕೆಲವು ವಾರಗಳ ಮೇಲೆ ಠಾಣೆಯಿಂದ ಫೋನ್ ಬಂತು. ಗಡಿಯಾಚೆಯ ಆಸ್ಪತ್ರೆಯಲ್ಲಿ ಅದೇ ವಯಸ್ಸಿನ ಒಂದು ಹೆಣವಿದೆ, ಬಂದು ನೋಡಿ ಅಂತ. ಹೋದೆವು. ಬಟ್ಟೆ ಸರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಮ್ಮ ಬಹಳ ಹೊತ್ತು ನೋಡಿ, "ವಾಡು ಕಾದು" ಅಂದಳು. ನಮ್ಮವನಲ್ಲ. ಆ ಹುಡುಗನ ಪಾದದ ಮೇಲೆ ಬಟ್ಟೆ ಸರಿಮಾಡಿದಳು. ಹೊರಗೆ ಬಂದ ಮೇಲೆ ಗೋಡೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. "ನಮ್ಮೋನಲ್ಲ ಅಂತ ಖುಷಿಪಡ್ಲೇನೇ? ಇನ್ನೂ ಎಷ್ಟು ಹೆಣ ನೋಡ್ಬೇಕೇ ನಾನು?"

ಅವಳನ್ನು ಎಬ್ಬಿಸಿ ಬಸ್ ಹತ್ತಿಸಿದೆ.

ಅಣ್ಣ ಇವತ್ತಿಗೂ ಬಂದಿಲ್ಲ. ಮುಳಬಾಗಿಲಿನ ಕಡೆ ಯಾರೂ ಕೇಳೇ ಇಲ್ಲವಲ್ಲ ಅನ್ನುತ್ತಾಳೆ ಅಮ್ಮ. ನಾಳೆ ಮೊದಲ ಬಸ್ಸಿಗೆ ಹೋಗುತ್ತೇವೆ.